ನರ್ಸಮ್ಮ ಹಂಚಿದ ಹೆಸರು

ನನಗೆ ಈ ಹೆಸರಿಟ್ಟವರನ್ನು ಹುಡುಕಿಕೊಂಡು ಹೋಗಿ ಎರಡು ಮಾತು ಬೈದು ಬರಬೇಕೆಂದು ಹೊರಟಾಗ ನನಗೆ ಐವತ್ತು ದಾಟಿತ್ತು, ಅವರಿಗೆ ಎಂಬತ್ತು. ಬೈಯುವುದಕ್ಕೆ ತಡವಾಯಿತೆಂದು ನನಗೂ ಗೊತ್ತು. ಏನು ಮಾಡುವುದು, ಬೈಯಬೇಕಾದವರು ಯಾರೆಂದು ತಿಳಿದದ್ದೇ ಅದರ ಹಿಂದಿನ ವಾರ.

ನನ್ನ ಹೆಸರು ಲೋಲಾಕ್ಷಿ. ಇದನ್ನು ಹೀಗೆ ಪೂರ್ತಿಯಾಗಿ ಬರೆಯುವ ಧೈರ್ಯ ಬಂದದ್ದು ಈಚೆಗೆ. ನಾನು ಕೆಲಸ ಮಾಡುವ ಮಣಿಪಾಲದ ಕಾಲೇಜು ಲೈಬ್ರರಿಯಲ್ಲಿ ಇಪ್ಪತ್ತೈದು ವರ್ಷದಿಂದ ನಾನು ಬಿ.ಎಲ್. ಮೇಡಂ. ಬಿ ಎಂದರೆ ಊರು. ಎಲ್ ಎಂದರೆ ಏನೆಂದು ಕೇಳಿದವರಿಗೆ ಲತಾ, ಲಲಿತಾ, ಲಕ್ಷ್ಮಿ, ಹೀಗೆ ಆ ದಿನ ಬಾಯಿಗೆ ಬಂದದ್ದನ್ನು ಹೇಳುತ್ತಿದ್ದೆ. ಮನೆಯಲ್ಲಿ ಹುಟ್ಟಿದಾಗಿನಿಂದ ಬೇಬಿ. ಗಂಡನೂ ಅದನ್ನೇ ಹಿಡಿದುಕೊಂಡರು. ಉಡುಪಿಯ ತರಕಾರಿ ಮಾರ್ಕೆಟಿನಲ್ಲಿ ಈ ನರೆಗೂದಲಿನ ಮನುಷ್ಯ "ಬೇಬಿ, ಬಸಳೆ ತೆಗೆದುಕೊಳ್ಳುವುದಾ?" ಎಂದು ದೂರದಿಂದ ಕೇಳಿದರೆ ಸುತ್ತಲಿನ ಕಾಲೇಜು ಹುಡುಗಿಯರು ನಮ್ಮದು ಬಹಳ ರಸಿಕ ದಾಂಪತ್ಯ ಎಂದುಕೊಳ್ಳುತ್ತಾರೆ. ನಾನೂ ತಿದ್ದಲು ಹೋಗುವುದಿಲ್ಲ.

ಲೋಲಾಕ್ಷಿ ಎಂದರೆ ಚಂಚಲವಾದ ಕಣ್ಣುಳ್ಳವಳು. ಐದನೇ ಕ್ಲಾಸಿನಿಂದ ದಪ್ಪ ಕನ್ನಡಕ ಹಾಕಿಕೊಂಡವಳಿಗೆ ಈ ಅರ್ಥ ತಿಳಿದು ಯಾವ ಉಪಯೋಗವೂ ಆಗಲಿಲ್ಲ.

ಹೆಸರಿಟ್ಟವರು ನಮ್ಮೂರಿನ ನರ್ಸಮ್ಮ. ಸರ್ಕಾರಿ ದಾಖಲೆಯಲ್ಲಿ ಅವರಿಗೊಂದು ಹೆಸರುಂಟು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಮರೆತು ಅಲ್ಲ, ಮರ್ಯಾದೆಗೂ ಅಲ್ಲ. ಆ ಹೆಸರನ್ನು ಕಂಡರೆ ಅವರಿಗಾಗುತ್ತಿರಲಿಲ್ಲ, ಅದಕ್ಕೆ.

ಬೆಳ್ಮಣ್ಣಿನಲ್ಲಿ ಬಸ್ಸಿಳಿದು ಗದ್ದೆಯ ಹುಣಿಯಲ್ಲಿ ಅರ್ಧ ಗಂಟೆ ನಡೆದರೆ ಆಗ ನಮ್ಮೂರು. ನರ್ಸಮ್ಮ ಆ ಹುಣಿಯಲ್ಲಿ ವಾರಕ್ಕೆರಡು ಸಲ ಬರುತ್ತಿದ್ದರು. ಎಡಗೈಯಲ್ಲಿ ಕಪ್ಪು ಕೊಡೆ, ಬಲಗೈಯಲ್ಲಿ ಲಸಿಕೆಯ ಡಬ್ಬ, ತುರುಬಿನ ಒಂದು ಬದಿಗೆ ಮಲ್ಲಿಗೆ, ಇನ್ನೊಂದು ಬದಿಗೆ ಸಿಕ್ಕಿಸಿಕೊಂಡ ಪೆನ್ನು. ಮಲ್ಲಿಗೆ ಇಲ್ಲದ ದಿನ ಇತ್ತು, ಪೆನ್ನಿಲ್ಲದ ದಿನವನ್ನು ನಾನು ಕಾಣೆ. ಕೊಡೆ ಕಂಡದ್ದೇ ಮಕ್ಕಳೆಲ್ಲ ಬೈಹುಲ್ಲಿನ ಬಣವೆಯ ಹಿಂದೆ ಮಾಯ. ಅವರು ಹುಡುಕಲು ಹೋಗುತ್ತಿರಲಿಲ್ಲ. ಜಗಲಿಯಲ್ಲಿ ಕುಳಿತು, ಸೂಜಿ ಬೇಯಿಸಲು ಅಮ್ಮನ ಹತ್ತಿರ ಒಂದು ಪಾತ್ರೆ ಬಿಸಿನೀರು ಕೇಳಿ, ಕೊಟ್ಟ ತಿಂಡಿಯನ್ನು ನಿಧಾನಕ್ಕೆ ತಿನ್ನುತ್ತಾ, "ಅಯ್ಯೋ ಎಷ್ಟು ಚಂದದ ಪತ್ರೊಡೆ. ಇನ್ನು ಎರಡೇ ಉಂಟು" ಎಂದು ಗಟ್ಟಿಯಾಗಿ ಹೇಳುತ್ತಿದ್ದರು. ಎರಡು ಒಂದಾಗುವ ಮೊದಲು ನಾವು ಹೊರಗೆ ಬಂದು ಸಾಲಾಗಿ ನಿಲ್ಲುತ್ತಿದ್ದೆವು.

ಅವರ ಮನೆಮಾತು ಕೊಂಕಣಿ. ನಮ್ಮ ಅಂಗಳದಲ್ಲಿ ತುಳು, ಕಾಗದದ ಮೇಲೆ ಕನ್ನಡ. ಬೈಯುವಾಗ ಮಾತ್ರ ಮೂರೂ ಸೇರುತ್ತಿದ್ದವು. ಅವರದೊಂದು ಮಾತಿತ್ತು, ಖಾಲಿ ಬಿಡಬಾರದು ಎಂದು. ಲಸಿಕೆ ಕಾರ್ಡಿನ ಕಾಲಂ ಖಾಲಿ ಬಿಡಬಾರದು, ಹಾಲು ಕೊಡುವ ತಾಯಿಯ ಹೊಟ್ಟೆ ಖಾಲಿ ಬಿಡಬಾರದು, ಸಾಕು ಎಂದು ಕೈ ಅಡ್ಡ ಹಿಡಿದವರ ಬಟ್ಟಲೂ ಖಾಲಿ ಬಿಡಬಾರದು. ಒಮ್ಮೆ ಅಪ್ಪ ಜಗಲಿಯಲ್ಲಿ ಇಟ್ಟಿದ್ದ ಪಂಚಾಯತಿನ ಅರ್ಜಿಯೊಂದರಲ್ಲಿ "ಇತರ ವಿವರಗಳು" ಎಂಬ ಜಾಗ ಖಾಲಿ ಇದ್ದುದನ್ನು ಕಂಡು, ಪೆನ್ನು ತೆಗೆದು, "ಒಳ್ಳೆಯ ಮನುಷ್ಯ" ಎಂದು ತುಂಬಿಸಿ ಹೋಗಿದ್ದರು. ಅಪ್ಪ ಅದನ್ನು ಹಾಗೆಯೇ ಕೊಟ್ಟರು. ಅರ್ಜಿ ಮಂಜೂರಾಯಿತು. ಅದರ ಮೇಲೆ ಅಪ್ಪ ಪ್ರತಿ ಅರ್ಜಿಗೂ ಅವರು ಬರುವುದನ್ನು ಕಾಯುತ್ತಿದ್ದರು.

ಆಗ ನಮ್ಮ ಕಡೆ ಹುಟ್ಟಿದ ಮಗುವಿಗೆ ಹೆಸರಿಡುವುದಕ್ಕೆ ಯಾರಿಗೂ ಅವಸರವಿರಲಿಲ್ಲ. ಬೊಂಬಾಯಿಯಿಂದ ಮಾವ ಬರಬೇಕು, ಅಜ್ಜಿಗೆ ಮನಸ್ಸಾಗಬೇಕು, ಜೋಯಿಸರಿಗೆ ಪುರುಸೊತ್ತಾಗಬೇಕು. ಅಲ್ಲಿಯವರೆಗೆ ಗಂಡಾದರೆ ಪುಟ್ಟ, ಹೆಣ್ಣಾದರೆ ಬೇಬಿ. ಆದರೆ ಲಸಿಕೆ ಕಾರ್ಡು ಅಲ್ಲಿಯವರೆಗೆ ಕಾಯುವುದಿಲ್ಲ. ನರ್ಸಮ್ಮ ಕೇಳುತ್ತಿದ್ದರು, "ಮಗುವಿನ ಹೆಸರು ಎಂತ?" ಬಾಣಂತಿ ಅತ್ತೆಯ ಮುಖ ನೋಡುತ್ತಿದ್ದಳು. ಅತ್ತೆ ಗೋಡೆ ನೋಡುತ್ತಿದ್ದರು. ಪೆನ್ನು ತುರುಬಿನಿಂದ ಇಳಿಯುತ್ತಿತ್ತು.

ಮುಂದೆ ಶಾಲೆಗೆ ಸೇರಿಸುವಾಗ ಅಪ್ಪಂದಿರು ಕಾರ್ಡು ತೆಗೆದುಕೊಂಡು ಹೋಗುತ್ತಿದ್ದರು, ಮನೆಯಲ್ಲಿ ಮಗುವಿನ ಬಗ್ಗೆ ಇದ್ದ ಕಾಗದ ಅದೊಂದೇ. ಹೆಡ್ಮಾಸ್ಟ್ರು ಕಾರ್ಡು ನೋಡಿ ರಿಜಿಸ್ಟರಿಗೆ ಬರೆದರು. ರಿಜಿಸ್ಟರ್ ನೋಡಿ ಎಸ್ಸೆಸ್ಸೆಲ್ಸಿಯ ಅಂಕಪಟ್ಟಿ ಬಂತು. ಅಂಕಪಟ್ಟಿಗೆ ಬಂದ ಮೇಲೆ ಅದನ್ನು ಬದಲಾಯಿಸಲು ಬ್ರಹ್ಮನಿಗೂ ಅಫಿಡವಿಟ್ ಬೇಕು.

ಒಂದನೇ ಕ್ಲಾಸಿನಲ್ಲಿ ನಾವು ಮೂವರು ಲೋಲಾಕ್ಷಿಯರು. ಗುಡ್ಡೆಯ ಮೇಲಿನ ಮನೆಯವಳು ಗುಡ್ಡೆ ಲೋಲಾಕ್ಷಿ. ಹೊಳೆಯ ಕಡೆಯಿಂದ ಬರುವವಳು ಹೊಳೆಬದಿ ಲೋಲಾಕ್ಷಿ. ಗದ್ದೆಯ ನಡುವಿನ ನಾನು ಬೈಲು ಲೋಲಾಕ್ಷಿ. ನಮ್ಮ ಮೇಲಿನ ಕ್ಲಾಸಿನಲ್ಲಿ ಇಬ್ಬರು, ಕೆಳಗಿನದರಲ್ಲಿ ಒಬ್ಬಳು. ನಮಗಿದು ವಿಚಿತ್ರ ಅನ್ನಿಸಲೇ ಇಲ್ಲ. ಊರಲ್ಲಿ ಕಲ್ಲು ಇರುತ್ತದೆ, ತೋಡು ಇರುತ್ತದೆ, ಲೋಲಾಕ್ಷಿ ಇರುತ್ತಾರೆ ಎಂದುಕೊಂಡಿದ್ದೆವು.

ಉಡುಪಿಯ ಕಾಲೇಜಿಗೆ ಬಂದಾಗ ಗೊತ್ತಾಯಿತು, ಪ್ರಪಂಚದಲ್ಲಿ ಲೋಲಾಕ್ಷಿ ಇರುವುದಿಲ್ಲ ಎಂದು. ಹಾಜರಿ ಕರೆಯುವ ಮೇಷ್ಟ್ರು ನನ್ನ ಹೆಸರಿನ ಮುಂದೆ ಒಮ್ಮೆ ನಿಂತು, ಕನ್ನಡಕ ಸರಿಮಾಡಿಕೊಂಡು, ಯಕ್ಷಗಾನದ ಚೌಕಿಯಿಂದ ರಂಗಸ್ಥಳಕ್ಕೆ ಯಾರನ್ನೋ ಕರೆಯುವ ಹಾಗೆ ಎಳೆದು ಕರೆದರು. ಕ್ಲಾಸು ನಕ್ಕಿತು. ನಾನು ಆ ದಿನವೇ ಎಲ್ ಆದೆ. ಮಣಿಪಾಲಕ್ಕೆ ಕೆಲಸಕ್ಕೆ ಬಂದ ಮೇಲಂತೂ, ಮೊಬೈಲಿನಲ್ಲಿ ನಗುವುದಕ್ಕೆ ಬದಲು ಬರೆಯುವ ಎಲ್-ಓ-ಎಲ್ ಅಕ್ಷರಗಳೇ ನನ್ನ ಹೆಸರಿನ ತಲೆಯಲ್ಲಿವೆ ಎಂದು ತಿಳಿದು ಎಲ್ ಅನ್ನೂ ಸಣ್ಣದಾಗಿ ಬರೆಯತೊಡಗಿದೆ.

ಕತೆಗೆ ಬರುತ್ತೇನೆ. ಎರಡು ವರ್ಷದ ಹಿಂದೆ, ಅಮ್ಮನನ್ನು ನೋಡಲು ಅಲೆವೂರಿನ ನಮ್ಮ ಮನೆಯಿಂದ ಊರಿಗೆ ಹೋಗಿದ್ದಾಗ, ಪಂಚಾಯತಿನಲ್ಲಿ ಆಧಾರ್ ತಿದ್ದುಪಡಿಯ ಶಿಬಿರ ಇತ್ತು. ನನ್ನ ಆಧಾರಿನಲ್ಲಿ ಬೇಬಿ, ಅಂಕಪಟ್ಟಿಯಲ್ಲಿ ಲೋಲಾಕ್ಷಿ. ನಿವೃತ್ತಿಯ ಮೊದಲು ಎರಡೂ ಒಂದಾಗಬೇಕೆಂದು ಆಫೀಸಿನವರು ಹಟ ಹಿಡಿದಿದ್ದರು. ಹಾಗಾದರೆ ಎರಡನ್ನೂ ಬಿಟ್ಟು ಚಂದದ ಮೂರನೆಯದೊಂದು ಇಟ್ಟುಕೊಳ್ಳುತ್ತೇನೆ ಎಂದು ನಾನು ತೀರ್ಮಾನಿಸಿದ್ದೆ. ಶಿಬಿರಕ್ಕೆ ಹೋದದ್ದು ವಿಚಾರಿಸಲು ಮಾತ್ರ. ಆಪರೇಟರ್ ಹುಡುಗಿ "ಲೋಲಾಕ್ಷಿ" ಎಂದು ಕರೆದಳು. ಐವರು ಎದ್ದು ನಿಂತೆವು. ಅವಳು ಕಂಪ್ಯೂಟರನ್ನು ಆಫ್ ಮಾಡಿ ಆನ್ ಮಾಡಿದಳು.

ಗುಡ್ಡೆ ಲೋಲಾಕ್ಷಿ ನನ್ನನ್ನು ಗುರುತು ಹಿಡಿದಳು. ಈಗ ಕಾರ್ಕಳದಲ್ಲಿ ಟೈಲರಿಂಗ್ ಮಾಡುತ್ತಾಳೆ. ಹೊಳೆಬದಿ ಲೋಲಾಕ್ಷಿ ಕಾಪುವಿಗೆ ಮದುವೆಯಾಗಿ ಹೋದವಳು, ಅಲ್ಲಿಯೇ ಮೀನು ಮಾರುತ್ತಾಳೆ. ಸರದಿ ಬರುವವರೆಗೆ ಹೊತ್ತು ಹೋಗಬೇಕಲ್ಲ, ಹೆಸರಿನ ಮಾತು ಬಂತು.

"ನನಗೆ ಇಟ್ಟದ್ದು ನನ್ನ ಅಜ್ಜನ ಆಸೆಗೆ" ಎಂದಳು ಗುಡ್ಡೆಯವಳು. "ಅಜ್ಜನಿಗೆ ಯಕ್ಷಗಾನದ ಆಟದ ಹುಚ್ಚು. ಪ್ರಸಂಗದಲ್ಲಿ ರಾಣಿಯನ್ನು ಹೀಗೆ ಕರೆಯುವುದಂತೆ. ನರ್ಸಮ್ಮ ಹೇಳಿದ್ದು."

"ಎಂತ ಪ್ರಸಂಗ ಮಾರಾಯ್ತಿ" ಎಂದಳು ಹೊಳೆಬದಿಯವಳು. "ಈ ಹೆಸರಿನ ಹೆಣ್ಣು ಇದ್ದ ಮನೆಯ ಬಲೆ ಖಾಲಿ ಬರುವುದಿಲ್ಲ ಅಂತ. ಮಲ್ಪೆಯಲ್ಲಿ ದೊಡ್ಡ ದೊಡ್ಡ ಬೋಟಿನವರೆಲ್ಲ ಇಡುವುದಂತೆ. ಅಪ್ಪನಿಗೆ ನರ್ಸಮ್ಮನೇ ಹೇಳಿದ್ದು."

ಉಳಿದಿಬ್ಬರಲ್ಲಿ ಒಬ್ಬಳ ಅಪ್ಪ ದುಬಾಯಿಯಲ್ಲಿದ್ದರು. ಅವರಿಗೆ ಬರೆಸಿದ ಪತ್ರದಲ್ಲಿ, ಇಂಥ ಹೆಸರಿಗೆ ಪಾಸ್‌ಪೋರ್ಟ್ ಬೇಗ ಆಗುತ್ತದೆ ಎಂದಿತ್ತಂತೆ. ಪತ್ರ ಬರೆದುಕೊಟ್ಟದ್ದು ಯಾರು ಎಂದು ಕೇಳುವ ಅಗತ್ಯ ಬೀಳಲಿಲ್ಲ.

ನನ್ನ ಕತೆ ಬೇರೆಯೇ. ಭರಣಿ ನಕ್ಷತ್ರದ ಕೊನೆಯ ಪಾದದಲ್ಲಿ ಹುಟ್ಟಿದವರಿಗೆ "ಲೋ" ಅಕ್ಷರದ ಹೆಸರೇ ಇಡಬೇಕೆಂದು ನನಗೆ ಹೆಸರಿಟ್ಟದ್ದು ಎಂದು ಅಮ್ಮ ಹೇಳುತ್ತಿದ್ದಳು. ಮದುವೆಯ ಹೊತ್ತಿಗೆ ಜಾತಕ ಬರೆಸಿದಾಗ ಜೋಯಿಸರು ನನ್ನದು ಹಸ್ತ ನಕ್ಷತ್ರ ಎಂದರು. ಅಮ್ಮ ಜೋಯಿಸರನ್ನೇ ಬದಲಾಯಿಸಿದಳು. ಎರಡನೆಯವರೂ ಹಸ್ತ ಎಂದರು. ಅಮ್ಮ ಇವತ್ತಿಗೂ ದೇವಸ್ಥಾನದಲ್ಲಿ ನನ್ನ ಹೆಸರಿನ ಅರ್ಚನೆಗೆ ಭರಣಿ ಎಂದೇ ಹೇಳುತ್ತಾಳೆ. ಐವತ್ತು ವರ್ಷದ ನನ್ನ ಪುಣ್ಯವೆಲ್ಲ ಯಾರದೋ ಪಾಲಾಗಿದೆ.

ಶಿಬಿರದಿಂದ ನೇರ ಮನೆಗೆ ಬಂದು ಅಮ್ಮನನ್ನು ಕೇಳಿದೆ. "ಅಮ್ಮಾ, ಭರಣಿ ಅಂತ ನಿನಗೆ ಹೇಳಿದ್ದು ಯಾರು?"

"ನರ್ಸಮ್ಮ. ಮತ್ತೆ ಯಾರು? ಜೋಯಿಸರಿಗೆ ತಪ್ಪಬಹುದು, ಅವರಿಗೆ ತಪ್ಪಲಿಕ್ಕಿಲ್ಲ" ಎಂದಳು ಅಮ್ಮ.

ಮರುವಾರ ಕಾರ್ಕಳದ ವಕೀಲರ ಹತ್ತಿರ ಹೆಸರು ಬದಲಾವಣೆಯ ಅಫಿಡವಿಟ್ ಟೈಪ್ ಮಾಡಿಸಿದೆ. ಹೊಸ ಹೆಸರು ಲತಾ ಎಂದೋ ಲಲಿತಾ ಎಂದೋ ಇನ್ನೂ ಗಟ್ಟಿಯಾಗಿರಲಿಲ್ಲ, ಆ ಜಾಗವನ್ನು ಖಾಲಿ ಬಿಡಿಸಿದೆ. ಹಳೆಯದನ್ನು ಬಿಡುವ ಮೊದಲು ಇಟ್ಟವರಿಗೆ ಬೈದುಬಿಡೋಣ ಎಂದು, ಆ ಕಾಗದವನ್ನು ಬ್ಯಾಗಿನಲ್ಲಿಟ್ಟುಕೊಂಡು ಅಂಬಲಪಾಡಿಗೆ ಹೋದೆ. ನರ್ಸಮ್ಮ ಅಲ್ಲಿ ಮಗ ಸೊಸೆಯ ಜೊತೆಗಿದ್ದರು.

ಚಾವಡಿಯ ಕಿಟಕಿಯ ಹತ್ತಿರ ಕುಳಿತಿದ್ದರು. ತುರುಬು ನೆಲ್ಲಿಕಾಯಿಯಷ್ಟಾಗಿತ್ತು. ಅದರಲ್ಲೂ ಪೆನ್ನು ಇತ್ತು.

"ಬೈಲುಮನೆಯ ಬೇಬಿಯಾ? ಬಾ ಕೂತುಕೊ. ನಿನಗೆ ಎಡತೊಡೆಗೆ ಚುಚ್ಚಿದ್ದು, ಎರಡು ದಿನ ಜ್ವರ ಬಂದಿತ್ತು."

"ನರ್ಸಮ್ಮ, ನನ್ನ ಹೆಸರು ಬರೆದದ್ದು ನೀವಾ?"

"ಎಂತ ಬರೆದಿದ್ದೆ?"

"ಲೋಲಾಕ್ಷಿ."

ಅವರು ಕಣ್ಣು ಮುಚ್ಚಿಕೊಂಡರು. "ಇನ್ನೊಂದು ಸಲ ಹೇಳು."

"ಲೋಲಾಕ್ಷಿ."

"ಹಾಂ. ನಾನೇ ಬರೆದದ್ದು. ಈಗ ಎಂತ, ಅಕ್ಷರ ತಪ್ಪಾಗಿದೆಯಾ?"

ಬಸ್ಸಿನಲ್ಲಿ ಸಾಲಾಗಿ ಜೋಡಿಸಿಕೊಂಡು ಬಂದಿದ್ದ ಬೈಗುಳವನ್ನೆಲ್ಲ ನಾನು ಬಿಚ್ಚಿದೆ. ಭರಣಿ, ಬಲೆ, ಪ್ರಸಂಗ, ಪಾಸ್‌ಪೋರ್ಟ್, ಕಾಲೇಜಿನ ಹಾಜರಿ, ಒಂದೂ ಬಿಡಲಿಲ್ಲ. ಅವರು ಸೀರೆಯ ಸೆರಗನ್ನು ಬಾಯಿಗೆ ಹಿಡಿದು ಭುಜ ಕುಣಿಸಿ ನಗುತ್ತಿದ್ದರು. ಕೊನೆಗೆ ಕಣ್ಣೊರಸಿಕೊಂಡು ಹೇಳಿದರು.

"ನಿನ್ನ ಅಮ್ಮನಿಗೆ ನಕ್ಷತ್ರ ಬೇಕಿತ್ತು, ಕೊಟ್ಟೆ. ಹೊಳೆಬದಿಯವರಿಗೆ ಮೀನು ಬೇಕಿತ್ತು, ಕೊಟ್ಟೆ. ಆ ಗುಡ್ಡೆಯ ಅಜ್ಜನಿಗೆ ಹೇಳಿದ್ದು ಮಾತ್ರ ಸತ್ಯ."

"ಅದು ಹೇಗೆ?"

"ನನ್ನ ಅಪ್ಪನಿಗೂ ಆಟದ ಹುಚ್ಚು ಇತ್ತು. ಬೆಳಗಿನವರೆಗೆ ಆಟ ನೋಡಿ ಮನೆಗೆ ಬಂದರಂತೆ, ಬರುವಾಗ ನಾನು ಹುಟ್ಟಿದ್ದೆ. ಕಿವಿಯಲ್ಲಿ ಭಾಗವತರ ಪದ ಇನ್ನೂ ಇತ್ತಲ್ಲ, ಅದರಿಂದಲೇ ಒಂದು ತೆಗೆದು ಇಟ್ಟರು. ಲೋಲಾಕ್ಷಿ ಅಂತ."

ಅವರ ಸರ್ಕಾರಿ ಹೆಸರು ಬೇರೆ, ಅದು ನನಗೆ ಗೊತ್ತಿತ್ತು, ಬಾಗಿಲಿನ ಹೊರಗೆ ಬೋರ್ಡಿನಲ್ಲಿಯೂ ಇತ್ತು. ಅವರೇ ಮುಂದುವರಿಸಿದರು.

"ನಮ್ಮಲ್ಲಿ ಮದುವೆಯ ದಿನ ಹುಡುಗಿಯ ಹೆಸರು ಬದಲಾಯಿಸುವ ಕ್ರಮ ಉಂಟು, ಗೊತ್ತುಂಟಲ್ಲ ನಿನಗೆ. ಬಟ್ಟಲಿನಲ್ಲಿ ಅಕ್ಕಿ ಹರಡುತ್ತಾರೆ. ಗಂಡ ಉಂಗುರದಲ್ಲಿ ಹೊಸ ಹೆಸರು ಬರೆಯುವುದು. ನನ್ನ ಅತ್ತೆಗೆ ಲೋಲಾಕ್ಷಿ ಅಂದರೆ ಆಟದವರ ಹೆಸರು ಅಂತ ಕಂಡಿತು. ಹದಿನೇಳು ವರ್ಷ ನಾನು ಲೋಲಾಕ್ಷಿ. ಒಂದು ಬಟ್ಟಲು ಅಕ್ಕಿಯಲ್ಲಿ ಮುಗಿಯಿತು. ಗಂಡ ಒಳ್ಳೆಯವರೇ, ನನ್ನನ್ನು ಓದಿಸಿದರು, ಟ್ರೈನಿಂಗಿಗೆ ಕಳುಹಿಸಿದರು. ಎಲ್ಲ ಕಾಗದದಲ್ಲಿಯೂ ಆ ಹೊಸ ಹೆಸರೇ. ಅಕ್ಕಿ ಮರುದಿನ ಗಂಜಿ ಆಯ್ತು ಬೇಬಿ. ಹೆಸರು ಮಾತ್ರ ಹಾಗೆಯೇ ಕುಳಿತುಬಿಟ್ಟಿತು."

"ನಿಮಗೆ ಬೇಜಾರು ಆಗಲಿಲ್ಲವಾ?"

"ಆಗದೆ? ಆದರೆ ಹೇಳುವುದು ಯಾರ ಹತ್ತಿರ? ಎಲ್ಲರದ್ದೂ ಬದಲಾಗಿತ್ತು. ನನ್ನ ಅತ್ತೆಯದ್ದೂ ಬದಲಾಗಿತ್ತು." ಅವರು ಕಿಟಕಿಯ ಹೊರಗೆ ನೋಡಿದರು. "ಕೆಲಸಕ್ಕೆ ಸೇರಿದ ಹೊಸತು. ಮರುದಿನ ದೊಡ್ಡ ಡಾಕ್ಟ್ರ ಇನ್ಸ್‌ಪೆಕ್ಷನ್. ಒಂದು ಮಗುವಿನ ಹೆಸರಿನ ಕಾಲಂ ಖಾಲಿ. ಪೆನ್ನು ಹಿಡಿದೆ, ಕೈ ಅದನ್ನೇ ಬರೆಯಿತು. ಓದಿ ನೋಡಿದೆ, ಎಷ್ಟು ಚಂದ ಕಂಡಿತು ಗೊತ್ತುಂಟಾ? ಮುಂದಿನ ತಿಂಗಳು ಆ ಮನೆಯ ತಡಮೆಯ ಹತ್ತಿರ ನಿಂತು, ಲೋಲಾಕ್ಷಿ ಇದ್ದಾಳಾ ಅಂತ ಕರೆದೆ. ಹತ್ತು ವರ್ಷದಿಂದ ಆ ಹೆಸರನ್ನು ಯಾರೂ ಕರೆದದ್ದು ನಾನು ಕೇಳಿರಲಿಲ್ಲ. ಮತ್ತೆ ಬಿಡಲಿಕ್ಕಾಗಲಿಲ್ಲ. ಅವರು ನನ್ನದು ಒಂದು ತೆಗೆದರು, ನಾನು ಊರು ತುಂಬ ಹಾಕಿದೆ."

ಮಾಡಿದ ಕೆಲಸಕ್ಕೆ ಪಶ್ಚಾತ್ತಾಪದ ಸುಳಿವೂ ಆ ಮುಖದಲ್ಲಿ ಇರಲಿಲ್ಲ. ಪತ್ರೊಡೆ ಇನ್ನು ಎರಡೇ ಉಂಟು ಎನ್ನುವಾಗಿನ ಅದೇ ಮುಖ.

ನಾನು ಬಂದ ಕೆಲಸ ಹೇಳಲೇಬೇಕಾಯಿತು. ಬ್ಯಾಗಿನಿಂದ ಅಫಿಡವಿಟ್ ತೆಗೆದು ತೋರಿಸಿದೆ. ಅವರು ಕಣ್ಣಿನ ಹತ್ತಿರ ಹಿಡಿದು ಓದಿದರು.

"ಬಿಡುವುದಾ?"

"ಹೂಂ."

"ಬೇಡ ಅಂತಾದರೆ ನನಗೆ ವಾಪಸ್ ಕೊಡು. ನನಗೆ ಬೇಕಿತ್ತು." ನಗುತ್ತಲೇ ಹೇಳಿದರು. ಆಮೇಲೆ ಬೆರಳಿಟ್ಟು ಕೇಳಿದರು, "ಇಲ್ಲಿ ಎಂತ ಖಾಲಿ?"

"ಹೊಸ ಹೆಸರು ಇನ್ನೂ ನಿಶ್ಚಯ ಆಗಿಲ್ಲ."

"ಓ. ಸರಿ, ಒಳಗೆ ಹೋಗಿ ಕಾಫಿ ಕುಡಿ. ಸೊಸೆ ಮಾಡಿಟ್ಟಿದ್ದಾಳೆ. ಬಾಯಿ ಖಾಲಿ ಇಟ್ಟುಕೊಂಡು ಹೋಗಬಾರದು."

ಕಾಫಿ ಕುಡಿದು ಬಂದೆ. ಕಾಗದ ಮಡಚಿ ಕೈಗೆ ಕೊಟ್ಟರು. ಬ್ಯಾಗಿಗೆ ಹಾಕಿಕೊಂಡು ಹೊರಟೆ. ಅಲೆವೂರಿನ ಬಸ್ಸಿನಲ್ಲಿ ಕುಳಿತ ಮೇಲೆ ಯಾಕೋ ಸಂಶಯ ಬಂದು ಬಿಚ್ಚಿ ನೋಡಿದೆ. ಐವತ್ತು ವರ್ಷದ ಹಿಂದೆ ನನ್ನ ಕಾರ್ಡಿನ ಮೇಲೆ ಇದ್ದ ಅದೇ ಉರುಟು ಅಕ್ಷರ, ಈಗ ಸ್ವಲ್ಪ ನಡುಗಿತ್ತು. ಕಾಗದ ಹೀಗೆ ಹೇಳುತ್ತಿತ್ತು: "ಇಲ್ಲಿಯವರೆಗೆ ಲೋಲಾಕ್ಷಿ ಎಂಬ ಹೆಸರಿನಿಂದ ಗುರುತಿಸಲ್ಪಡುತ್ತಿದ್ದ ನಾನು ಇನ್ನು ಮುಂದೆ ಲೋಲಾಕ್ಷಿ ಎಂಬ ಹೆಸರಿನಿಂದ ಗುರುತಿಸಲ್ಪಡತಕ್ಕವಳು."

ನಾನು ಎಷ್ಟು ನಕ್ಕೆ ಎಂದರೆ ಕಂಡಕ್ಟರ್ ಟಿಕೆಟ್ ಕೊಡದೆ ಮುಂದೆ ಹೋದ. ಹಾಳಾದ ಆ ಛಾಪಾ ಕಾಗದ ಈಗಲೂ ನನ್ನ ಕಪಾಟಿನಲ್ಲುಂಟು. ಇನ್ನೊಂದು ಮಾಡಿಸಬಹುದಿತ್ತು. ವಕೀಲರು ಎರಡು ಸಲ ಫೋನು ಮಾಡಿ ಕೇಳಿದರು. ಹೆಸರು ಯೋಚಿಸುತ್ತಿದ್ದೇನೆ ಎಂದೆ.

ಆಮೇಲೆ ನಾನು ಭಾನುವಾರಗಳಂದು ಅಂಬಲಪಾಡಿಗೆ ಹೋಗುವುದು ರೂಢಿಯಾಯಿತು. ಒಂದು ಸಲ ಗುಡ್ಡೆಯವಳನ್ನೂ ಹೊಳೆಬದಿಯವಳನ್ನೂ ಕರೆದುಕೊಂಡು ಹೋದೆ. ನರ್ಸಮ್ಮನ ಖುಷಿ ನೋಡಬೇಕಿತ್ತು. ಮೂವರನ್ನೂ ಚಾವಡಿಯಲ್ಲಿ ಸಾಲಾಗಿ ನಿಲ್ಲಿಸಿ ಹಾಜರಿ ಕರೆದರು. "ಲೋಲಾಕ್ಷಿ." ಗುಡ್ಡೆಯವಳು ಹಾಜರ್ ಎಂದಳು. "ಲೋಲಾಕ್ಷಿ." ಹೊಳೆಬದಿಯವಳು ಹಾಜರ್ ಎಂದಳು. "ಲೋಲಾಕ್ಷಿ." ನಾನು, ಒಂದು ಲೈಬ್ರರಿಯನ್ನು ಇಪ್ಪತ್ತೈದು ವರ್ಷ ಹೆದರಿಸಿದವಳು, ಕೈ ಎತ್ತಿ ಹಾಜರ್ ಎಂದೆ.

"ಆಯ್ತಲ್ಲ. ಇನ್ನು ನೀವು ನನ್ನನ್ನು ಕರೆಯಿರಿ ನೋಡುವಾ" ಎಂದರು.

ಮೂವರೂ ಮುಖ ಮುಖ ನೋಡಿಕೊಂಡೆವು. ಎಂಬತ್ತು ದಾಟಿದವರನ್ನು, ಅದೂ ನಮ್ಮ ತೊಡೆಗೆ ಸೂಜಿ ಚುಚ್ಚಿದವರನ್ನು, ಹೆಸರು ಹಿಡಿದು ಕರೆಯುವುದು ಹೇಗೆ? ಹೊಳೆಬದಿಯವಳು ಕಾಪುವಿನ ಪೇಟೆಯಲ್ಲಿ ಬಂಗುಡೆ ಬಂಗುಡೆ ಎಂದು ಕೂಗಿದರೆ ದೀಪಸ್ತಂಭದವರೆಗೆ ಕೇಳಿಸುತ್ತದೆ. ಅವಳೂ ಉಗುಳು ನುಂಗಿ, "ಲೋಲಾಕ್ಷಿ... ಅಮ್ಮ" ಎಂದಳು.

"ಅಮ್ಮ ಬೇಡ. ಅಮ್ಮ ಅನ್ನಲಿಕ್ಕೆ ಮಗ ಇದ್ದಾನೆ."

"ಲೋಲಾಕ್ಷಿಯವರು..." ಎಂದಳು ಗುಡ್ಡೆಯವಳು.

"ಅದು ಆಫೀಸಿನವರು ಕರೆಯುವ ಹಾಗಾಯಿತು. ಬರೀ ಹೆಸರು, ಮಾರಾಯ್ತಿ. ನನ್ನ ಅಪ್ಪ ಕರೆದ ಹಾಗೆ. ಕರೆಯುವವರು ಎಲ್ಲ ಹೋದರು, ಹಾಗಾಗಿ ನಿಮ್ಮ ಹತ್ತಿರ ಕೇಳುವುದು."

ನಾನು ಬಾಯಿ ತೆರೆದೆ. ನಾಲಿಗೆ ಏಳಲಿಲ್ಲ. ಮುಂದಿನ ಸಲ ನೋಡುವ ನರ್ಸಮ್ಮ ಎಂದೆ. ಅವರು ನಕ್ಕು, "ಹೋಗಲಿ ಬಿಡು" ಎಂದು ನನ್ನ ಬಟ್ಟಲಿಗೆ ಇನ್ನೊಂದು ಗೋಳಿಬಜೆ ಹಾಕಿದರು. ಆ ಮುಂದಿನ ಸಲಗಳೂ ನಾಲ್ಕೈದು ಬಂದವು. ಪ್ರತಿ ಸಲವೂ ಬಸ್ಸಿನಲ್ಲಿ ಅಭ್ಯಾಸ ಮಾಡಿಕೊಂಡು ಹೋಗುತ್ತಿದ್ದೆ, ಪ್ರತಿ ಸಲವೂ ಬಾಗಿಲಲ್ಲಿ ನರ್ಸಮ್ಮ ಎಂದೇ ಬರುತ್ತಿತ್ತು. ಹೀಗೇ ಇರುವಾಗ ಒಂದು ಬೆಳಿಗ್ಗೆ ಅವರು ಕಾಫಿ ಕುಡಿದು ಲೋಟ ಕೆಳಗಿಟ್ಟು ಹಾಗೆಯೇ ಹೋಗಿಬಿಟ್ಟರು. ಲೋಟದಲ್ಲಿ ಒಂದು ಗುಟುಕು ಬಿಟ್ಟಿದ್ದರೆಂದು ಸೊಸೆ ಹೇಳಿದಳು. ನನಗೆ ಆಗ ಅಳು ಬಂತು.

ಪೇಪರಿನಲ್ಲಿ ಫೋಟೊ ಬಂತು, ಕೆಳಗೆ ಸರ್ಕಾರಿ ಹೆಸರು. ಅದು ಮಗನ ತಪ್ಪಲ್ಲ, ಅವರಿಗೆ ಗೊತ್ತಿದ್ದ ಅಮ್ಮನ ಹೆಸರು ಅದೊಂದೇ. ಆದರೆ ನನಗೆ ಹೊಟ್ಟೆ ಉರಿಯಿತು. ಸತ್ತ ಮೇಲೂ ಆ ಅಕ್ಕಿಯ ಬಟ್ಟಲೇ ಗೆದ್ದಿತಲ್ಲ ಎಂದು. ಕರೆಯಬಹುದಾಗಿದ್ದ ಮೂವರಲ್ಲಿ ಒಬ್ಬಳಿಗೂ ಬಾಯಿ ಬರಲಿಲ್ಲವಲ್ಲ ಎಂದು.

ನಾವು ಮೂವರೂ ಹೋಗಿ ಮಗನ ಹತ್ತಿರ ವಿಷಯ ಹೇಳಿ, ಆ ಹೆಸರಿನಲ್ಲಿ ಊರಲ್ಲೊಂದು ಫ್ಲೆಕ್ಸ್ ಹಾಕಿಸುತ್ತೇವೆ ಎಂದೆವು. ಅವರಿಗೂ ಅರವತ್ತು. "ಅಮ್ಮನಿಗೆ ಹಾಗೊಂದು ಹೆಸರಿತ್ತಾ? ನನಗೆ ಹೇಳಲೇ ಇಲ್ಲವಲ್ಲ" ಎಂದರು. ಒಳಗೆ ಹೋಗಿ ಒಂದು ಹಳೆಯ ಫೋಟೊ ತಂದರು. ಒಂದು ಬದಿಗೆ ಮಲ್ಲಿಗೆ, ಇನ್ನೊಂದು ಬದಿಗೆ ಪೆನ್ನು. "ನಿಮಗೆ ಸರಿ ಕಂಡ ಹಾಗೆ ಹಾಕಿ" ಎಂದರು.

ಹೊಳೆಬದಿಯವಳ ಮೈದುನ ಕಾಪುವಿನಲ್ಲಿ ಫ್ಲೆಕ್ಸ್ ಪ್ರಿಂಟ್ ಮಾಡುತ್ತಾನೆ. ಶ್ರದ್ಧಾಂಜಲಿ ಎಂದು ಬರೆದು ಅವನು ಕೇಳಿದ, "ಅತ್ತಿಗೆ, ಶ್ರೀಮತಿ ಹಾಕುವುದಾ? ಲೋಲಾಕ್ಷಿಯಮ್ಮ ಅಂತ ಹಾಕುವುದಾ?"

"ಎಂತದೂ ಬೇಡ. ಬರೀ ಲೋಲಾಕ್ಷಿ ಅಂತ. ದೊಡ್ಡದು ಮಾಡಿ ಹಾಕು" ಎಂದಳು ಅವಳು.

ಕೆಳಗೆ ದುಃಖತಪ್ತರು ಎಂದು ನಮ್ಮ ಹೆಸರುಗಳನ್ನು ಬರೆದುಕೊಟ್ಟೆವು. ಶಿಬಿರದಲ್ಲಿ ಸಿಕ್ಕ ಉಳಿದಿಬ್ಬರನ್ನೂ, ಅವರಿಗೆ ಗೊತ್ತಿದ್ದ ಇನ್ನೂ ಕೆಲವರನ್ನೂ ಸೇರಿಸಿದ್ದೆವು. ಅವನು ಒಂದೇ ಸಾಲು ತಪ್ಪಿ ಹಲವು ಸಲ ಬಿದ್ದಿದೆ ಎಂದು ತಿಳಿದು, ಒಂದನ್ನು ಇಟ್ಟು ಉಳಿದದ್ದನ್ನು ಅಳಿಸಿಬಿಟ್ಟಿದ್ದ. ಪುನಃ ಕುಳ್ಳಿರಿಸಿ ಎಲ್ಲವನ್ನೂ ಹಾಕಿಸಿದೆವು. ಲೋಲಾಕ್ಷಿ, ಲೋಲಾಕ್ಷಿ, ಲೋಲಾಕ್ಷಿ, ಲೋಲಾಕ್ಷಿ, ಫ್ಲೆಕ್ಸಿನ ಅಂಚಿನವರೆಗೆ. ಖಾಲಿ ಜಾಗ ಉಳಿಯಲಿಲ್ಲ.

ಬೆಳ್ಮಣ್ಣಿನ ಬಸ್‌ ಸ್ಟ್ಯಾಂಡಿನ ಎದುರು ಅದನ್ನು ಕಟ್ಟಿಸಿದ ಮರುದಿನ ಬೆಳಿಗ್ಗೆ ಶುರುವಾಯಿತು. ಫೋಟೊ ನೋಡಿ ವಿಚಾರಿಸುವಷ್ಟು ಹೊತ್ತು ಎಕ್ಸ್‌ಪ್ರೆಸ್ ಬಸ್ಸು ಅಲ್ಲಿ ನಿಲ್ಲುವುದಿಲ್ಲ. ದೊಡ್ಡಕ್ಷರದ ಹೆಸರು ಮಾತ್ರ ಎಲ್ಲರಿಗೂ ಕಂಡಿತು. ನಾನು ಅಡುಗೆಮನೆಯಲ್ಲಿ ಬೂತಾಯಿ ಮೀನು ಹುರಿಯುತ್ತಿದ್ದೆ. ಚಾವಡಿಯಲ್ಲಿ ಫೋನು ಹಿಡಿದಿದ್ದ ಗಂಡ ಬಾಗಿಲಿಗೆ ಬಂದು, "ಬೇಬಿ, ನೀನು ಹೋದಿಯಂತೆ. ಮುಂಬೈಯಿಂದ ನಿನ್ನ ದೊಡ್ಡಪ್ಪನ ಮಗಳು ಅಳುತ್ತಿದ್ದಾಳೆ. ಎಂತ ಹೇಳುವುದು?" ಎಂದರು. ಗುಡ್ಡೆಯವಳ ಅಂಗಡಿಗೆ, ಹೊಲಿಯಲು ಕೊಟ್ಟಿದ್ದ ರವಿಕೆಯ ಬಟ್ಟೆ ಏನಾಯಿತೆಂದು ಇಬ್ಬರು ಓಡಿ ಬಂದರಂತೆ. ಹೊಳೆಬದಿಯವಳ ಮನೆಗೆ ನಾದಿನಿಯರು ಬಿಳಿ ಸೀರೆಯುಟ್ಟು ಬಂದೇಬಿಟ್ಟರು. ಬಂದವರಿಗೆ ಮೀನಿನ ಊಟ ಹಾಕಿ ಕಳುಹಿಸಿದಳು.

ಇನ್ನು ಇದನ್ನು ತೆಗೆಸಬೇಕೆಂದು ನಾನು ಆ ಮಧ್ಯಾಹ್ನವೇ ಬೆಳ್ಮಣ್ಣಿಗೆ ಹೋದೆ. ಬಸ್‌ ಸ್ಟ್ಯಾಂಡಿನಲ್ಲಿ ಜನ ಫ್ಲೆಕ್ಸಿನ ಕೆಳಗೆ ನಿಂತು ಮಾತಾಡಿಕೊಳ್ಳುತ್ತಿದ್ದರು.

"ಲೋಲಾಕ್ಷಿ ಹೋದಳಂತೆ."

"ಯಾವ ಲೋಲಾಕ್ಷಿ ಮಾರಾಯ?"

"ಲೋಲಾಕ್ಷಿ ಅಂತ ಮಾತ್ರ ಉಂಟು."

"ಪಾಪ ಲೋಲಾಕ್ಷಿ."

ಒಬ್ಬರೂ ಅಮ್ಮ ಸೇರಿಸಲಿಲ್ಲ, ಅವರು ಎನ್ನಲಿಲ್ಲ. ಆ ಹಳೆಯ ಫೋಟೊದ ಗುರುತು ಸಿಗದೆ, ತಮ್ಮ ಕೂಡೆ ಶಾಲೆಗೆ ಹೋದವಳೆಂದೋ, ನೆರೆಮನೆಯ ಹುಡುಗಿಯೆಂದೋ ತಿಳಿದು ಎಲ್ಲರೂ ಬರೀ ಹೆಸರನ್ನು ಹೇಳುತ್ತಿದ್ದರು. ನಾಲ್ಕೈದು ಭಾನುವಾರ ನನ್ನ ಬಾಯಿಗೆ ಬಾರದ್ದು ಆ ಬಸ್‌ ಸ್ಟ್ಯಾಂಡಿನ ತುಂಬ ಓಡಾಡುತ್ತಿತ್ತು. ತೆಗೆಸುವುದು ಬೇಡ, ಇನ್ನು ಎರಡು ದಿನ ಇರಲಿ ಎಂದುಕೊಂಡೆ. ಫೋಟೊದಲ್ಲಿ ಅವರು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾ, ಮಾಡುವುದನ್ನು ಮಾಡಿ ಏನೂ ತಿಳಿಯದವರ ಹಾಗೆ ಕುಳಿತಿದ್ದರು.

ನಾನು ಹತ್ತಿರ ಹೋಗಿ, ಮುಖವೆತ್ತಿ, ಗಟ್ಟಿಯಾಗಿಯೇ ಕರೆದೆ. "ಲೋಲಾಕ್ಷಿ."

ಬಸ್ಸು ಕಾಯುತ್ತಿದ್ದವರ ನಡುವಿನಿಂದ ಇಬ್ಬರು "ಹಾಂ?" ಎಂದು ತಿರುಗಿ ನೋಡಿದರು.